ತುದಿ ಕತ್ತರಿಸಿದ ಫಿಲ್ಲರ್ ಕಡ್ಡಿಗಳನ್ನು ಗುರುತಿಸುವ ಕುರಿತು

ಸಂಖ್ಯೆ: ದುವಿ/ಅಲ್ಯೂ/ಕಡ್ಡಿ/17

ವಿಷಯ: ಅಲ್ಯೂಮಿನಿಯಂ ಬೆಸುಗೆಗೆ ತಕ್ಕ ಕಡ್ಡಿ ಆರಿಸುವುದು ಹಾಗೂ ಅಧೀಕ್ಷಕರನ್ನು ಕೆಳಗಿಳಿಸುವುದು.

ಉಲ್ಲೇಖ: 1. ಕಡ್ಡಿಗಳ ತುದಿ ಕತ್ತರಿಸುವ ಆದೇಶ.
2. ಹಿರಿಯ ವೆಲ್ಡರ್ ದೊಡ್ಡಣ್ಣನವರ ಅಮಾನತು.
3. ಮೆಟ್ಟಿಲು ಮುರಿದ ಸದ್ದು, ನಿನ್ನೆ ಬೆಳಿಗ್ಗೆ 10.40.

ಕಪಾಟಿನ ಬಾಗಿಲು ಮುಚ್ಚುತ್ತಿಲ್ಲವೆಂಬ ಕಾರಣಕ್ಕೆ ಉಗ್ರಾಣದಲ್ಲಿದ್ದ, ಬೆಸುಗೆಗೆ ಕರಗಿಸಿ ತುಂಬುವ ಎಲ್ಲ ಫಿಲ್ಲರ್ ಕಡ್ಡಿಗಳ ತುದಿಗಳನ್ನು ನಾಲ್ಕು ಬೆರಳಿನಷ್ಟು ಕತ್ತರಿಸಲಾಗಿತ್ತು. ಕಡ್ಡಿ ಯಾವ ಜಾತಿಯದೆಂದು ತಿಳಿಸುವ ನಂಬರು ಒತ್ತಿರುವುದು ಆ ತುದಿಯಲ್ಲೇ ಎಂಬುದು ಬಾಗಿಲು ಮುಚ್ಚಿದ ಮೇಲೆ ಗಮನಕ್ಕೆ ಬಂದಿರುತ್ತದೆ. ಸಿಲಿಕಾನ್ ಕಡ್ಡಿ, ಮೆಗ್ನೀಷಿಯಂ ಕಡ್ಡಿ ಎರಡೂ ನೋಡಲು ಒಂದೇ. ಮೆಗ್ನೀಷಿಯಂ ಹೆಚ್ಚಿರುವ ಅಲ್ಯೂಮಿನಿಯಂ ತಗಡಿಗೆ ಸಿಲಿಕಾನ್ ಕಡ್ಡಿ ಹಾಕಿದರೆ ಬೆಸುಗೆ ಬಿರಿಯುತ್ತದೆಂದು ದೊಡ್ಡಣ್ಣನವರು ಮೂರು ಸಲ ತಿಳಿಸಿದ್ದರು. ನಾಲ್ಕನೆಯ ಸಲ, "ಹೆಸರು ಕತ್ತರಿಸಿ ಬಿಸಾಕಿ, ಈಗ ಇವನ್ಯಾರು ಅಂತ ನನ್ನ ಕೇಳಿದ್ರೆ ಹೇಗೆ ಸ್ವಾಮಿ?" ಎಂದು ನುಡಿದ ಕಾರಣ ಅವರನ್ನು ಅಮಾನತಿನಲ್ಲಿಡಲಾಯಿತು.

ತರುವಾಯ ಮೇಲಂತಸ್ತಿಗಿರುವ, ಅದೇ ಬಗೆಯ ತಗಡಿನ ಏಕೈಕ ಮೆಟ್ಟಿಲುಸಾಲನ್ನು ಕೈಗೆ ಸಿಕ್ಕ ಕಡ್ಡಿಯಿಂದ ದುರಸ್ತಿ ಮಾಡಲಾಯಿತು. ಅಧೀಕ್ಷಕರು ಹತ್ತುವವರೆಗೆ ಗಟ್ಟಿಯಾಗಿದ್ದು, ಹತ್ತಿದ ಮೇಲೆ ಕಳಚಿಬಿದ್ದಿರುತ್ತದೆ. ಅಧೀಕ್ಷಕರು ನಿನ್ನೆಯಿಂದ ಮೇಲೆಯೇ ಇದ್ದಾರೆ. ಆದುದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಕಡ್ಡಿಯನ್ನು ಮೂಸಿ, ನೆಕ್ಕಿ, ಕಿವಿಗೆ ಹಿಡಿದು ಗುರುತಿಸುವುದನ್ನು ತಕ್ಷಣ ನಿಲ್ಲಿಸತಕ್ಕದ್ದು. ಈಗಾಗಲೇ ನೆಕ್ಕಿರುವ ಗುಮಾಸ್ತರು ವರದಿ ಸಲ್ಲಿಸತಕ್ಕದ್ದು. ರುಚಿಯ ಕಾಲಂ ಖಾಲಿ ಬಿಡುವಂತಿಲ್ಲ.

2. ಕತ್ತರಿಸಿದ 1,140 ತುದಿಗಳನ್ನು ಗುಜರಿಯಿಂದ ವಾಪಸು ತಂದು, ಪ್ರತಿ ತುದಿಯನ್ನೂ ಅದರದೇ ಕಡ್ಡಿಗೆ ಬೆಸೆಯತಕ್ಕದ್ದು. ಬೆಸೆಯಲು ಯಾವ ಕಡ್ಡಿ ಬಳಸಬೇಕೆಂಬುದನ್ನು ಉಪಸಮಿತಿ ತೀರ್ಮಾನಿಸುವುದು.

3. ಉಪಸಮಿತಿಯ ಸಭೆ ಮೇಲಂತಸ್ತಿನಲ್ಲಿ ನಡೆಯುವುದು. ಮೆಟ್ಟಿಲಿಲ್ಲವೆಂಬ ನೆಪವನ್ನು ಪರಿಗಣಿಸಲಾಗುವುದಿಲ್ಲ.

4. ಅಂಗಳದಲ್ಲಿ ನಿಂತು, ಮೇಲೆ ನೋಡಿ ನಗುವುದು ಕರ್ತವ್ಯಲೋಪವೆನಿಸುವುದು. ಊಟದ ಡಬ್ಬಿಯನ್ನು ಹಗ್ಗಕ್ಕೆ ಕಟ್ಟುವವರು ಮುಚ್ಚಳ ಬಿಗಿ ಮಾಡತಕ್ಕದ್ದು. ನಿನ್ನೆಯ ಊಟದಲ್ಲಿ ಅರ್ಧ ಗೋಡೆಗೆ ಸಂದಿರುತ್ತದೆ.

5. ದೊಡ್ಡಣ್ಣನವರ ಅಮಾನತನ್ನು ಹಿಂಪಡೆಯಲಾಗಿದೆ. ಅವರ ಮನೆಯಲ್ಲಿ ತುದಿ ಸಮೇತ ಇರುವ ಮೆಗ್ನೀಷಿಯಂ ಕಡ್ಡಿಗಳನ್ನು ತರಬೇಕೆಂದು ಆಜ್ಞಾಪಿಸಿದೆ. ತಿದ್ದುಪಡಿ: ಕೋರಿದೆ.

ಸಹಿ/- (ಕಿಟಕಿಯಿಂದ)
ಅಧೀಕ್ಷಕರು, ದುರಸ್ತಿ ವಿಭಾಗ

ಪ್ರತಿಗಳು:

1. ಉಗ್ರಾಣ ಪಾಲಕರಿಗೆ: ಗರಗಸವನ್ನು ಕೂಡಲೇ ಒಪ್ಪಿಸುವುದು.

2. ಅಧೀಕ್ಷಕರ ಧರ್ಮಪತ್ನಿಯವರಿಗೆ: ಮಾಹಿತಿಗಾಗಿ ಮಾತ್ರ. ಬಂದು ನೋಡುವ ಅಗತ್ಯವಿಲ್ಲ.

3. ದೊಡ್ಡಣ್ಣನವರಿಗೆ, ಮನೆಗೇ ತಲುಪಿಸುವುದು. ಕ್ಷಮೆ ಕೇಳಲು ಇಲಾಖೆಯಲ್ಲಿ ನಿಗದಿತ ನಮೂನೆ ಇಲ್ಲದಿರುವುದರಿಂದ ಹಾಳೆಯ ಹಿಂಬದಿಯಲ್ಲಿ ಕೈಬರಹದಲ್ಲಿ ಬರೆಯಲಾಗಿದೆ: "ತಪ್ಪು ನಂದೇ ಅಣ್ಣ. ಬಂದ್ಬಿಡಿ."