ಗೇಟಿನ ಬೀಗ ಮತ್ತು ಆರೂವರೆಯ ಡ್ರಿಲ್

ನಮ್ಮ ಮನೆಗಳ ಹಿರಿಯರನ್ನು ಕುರ್ಚಿಗೆ ಅಂಟಿಸಿ ಕೆಡಿಸಿದವರು ನಾವೇ. ಮೊದಲು ಅವರ ಕೈಯಿಂದ ಕೆಲಸ ಕಿತ್ತುಕೊಂಡೆವು. ಆಮೇಲೆ “ಸುಮ್ನೆ ಕೂತ್ಕೊಳ್ಳಿ, ನಿಮಗೆ ಗೊತ್ತಾಗಲ್ಲ” ಅಂತ ಬಾಯಿಯನ್ನೂ ಮುಚ್ಚಿಸಿದೆವು. ಕೂತೂ ಕೂತೂ ಕಾಲು ಬಿಗಿದು, ತಲೆಗೆ ತುಕ್ಕು ಹಿಡಿದ ಮೇಲೆ “ಏನ್ಮಾಡೋದು, ವಯಸ್ಸಾಯ್ತು” ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆವು. ವಯಸ್ಸಿನ ಮೇಲೆ ತಪ್ಪು ಹೊರಿಸುವುದು ಸುಲಭ. ಅದು ವಾಪಸ್ ಬೈಯಲ್ಲ.

ನಾನು ಬೈತೀನಿ. ಏಳನೇ ಕ್ಲಾಸು ಓದಿದ ಟೈಲರ್ ನಾನು. ಚನ್ನರಾಯಪಟ್ಟಣದಲ್ಲಿ ನಲ್ಲಿ ನೀರಿಗೆ, ಬೀದಿ ದೀಪಕ್ಕೆ ಅರ್ಜಿ ಹಿಡಿದು ಜಗಳ ಆಡಿದವಳು. ಈಗ ನನ್ನ ಜಗಳ ಆ ಕುರ್ಚಿಗಳ ಜೊತೆ. ದಿನಾ ಬೆಳಿಗ್ಗೆ ಆರೂವರೆಗೆ ಶಾಲೆ ಮೈದಾನದಲ್ಲಿ ಹತ್ತು ಹನ್ನೆರಡು ಜನ ಹಿರಿಯರನ್ನು ಸೇರಿಸುತ್ತೇನೆ. ಕಾಲು ನಡೆಯುವಾಗಲೇ ತಲೆಗೂ ಒಂದು ಕೆಲಸ ಕೊಡಬೇಕು, ಎರಡೂ ಒಟ್ಟಿಗೆ ದುಡಿಯಬೇಕು. ಇಷ್ಟೇ ನಮ್ಮ ಪಾಠ. ಪೇಪರಿನಲ್ಲಿ ಓದಿ, ಆರೋಗ್ಯ ಶಿಬಿರಕ್ಕೆ ಬಂದ ಡಾಕ್ಟರನ್ನು ಊಟಕ್ಕೂ ಬಿಡದೆ ಪೀಡಿಸಿ ಕಲಿತದ್ದು. ಇಷ್ಟು ಜನ ಹಿರಿಯರು ಒಂದು ಕಡೆ ಸೇರಿದರೆ ದಿನಕ್ಕೊಂದು ತಮಾಷೆ ಆಗಿಯೇ ಆಗುತ್ತದೆ. ಅದನ್ನು ತಡೆಯಲು ಯಾವ ಅರ್ಜಿಯೂ ಇಲ್ಲ.

೧. ಎರವಲು ತಾತ

ನಮ್ಮ ಬೀದಿಯ ತಾತ ನಲವತ್ತು ವರ್ಷ ತೆಂಗಿನಕಾಯಿ ಮಂಡಿ ನಡೆಸಿದವರು. ಒಂದು ದಿನ ಹಾಸನಕ್ಕೆ ಅಂತ ಬಸ್ಸು ಹತ್ತಿ, ಶಾಂತಿಗ್ರಾಮದಲ್ಲಿ ಇಳಿದು, ಯಾವ ಊರು ಅಂತ ತಿಳಿಯದೆ ಮಧ್ಯಾಹ್ನದ ತನಕ ನಿಂತಿದ್ದರು. ಮಾರನೆಯ ದಿನವೇ ಮನೆಯ ಗೇಟಿಗೆ ಬೀಗ ಬಿತ್ತು. ಹಾಸನದ ಆಸ್ಪತ್ರೆಯಲ್ಲಿ ಮರೆವಿನ ಪರೀಕ್ಷೆ ಮಾಡಿಸಿದರು, ಮೂರು ತಿಂಗಳ ನಂತರ ಅಲ್ಲೇ ಇನ್ನೊಂದು ಪರೀಕ್ಷೆ. ಅದರಲ್ಲಿ ಸರಿ ಇದ್ದರೆ ಬೀಗ ತೆಗೆಯುತ್ತಾರೆ, ಇಲ್ಲದಿದ್ದರೆ ಬೀಗ ಖಾಯಂ. ತಾತ ಗೇಟಿನ ಸರಳು ಹಿಡಿದು ಬೀದಿ ನೋಡುತ್ತಾ ನಿಂತಿರುತ್ತಿದ್ದರು.

ಸೊಸೆಯ ಹತ್ತಿರ ಹೋಗಿ ಜಗಳ ಆಡಿದೆ. ಕೊನೆಗೆ ಅವಳು ಒಪ್ಪಿದಳು. “ನೀವೇ ಕರ್ಕೊಂಡೋಗಿ ಟೈಲರಕ್ಕ. ಆದ್ರೆ ನೀವೇ ವಾಪಸ್ ತಂದ್ಬಿಡಬೇಕು.”

“ಏನಮ್ಮ, ಮಾವ ಅಂದ್ರೆ ಲೈಬ್ರರಿ ಪುಸ್ತಕನಾ?”

“ಪುಸ್ತಕ ಆಗಿದ್ರೆ ಇಟ್ಟ ಕಡೆ ಇರ್ತಿತ್ತಲ್ಲಕ್ಕ.”

೨. ಶಾಂತಿಗ್ರಾಮ ಬಂತು

ನಮ್ಮ ಗುರುಗಳು ರಿಟೈರ್ ಆದ ಡ್ರಿಲ್ ಮೇಷ್ಟ್ರು. ಕುತ್ತಿಗೆಯಲ್ಲಿ ಸೀಟಿ ಇನ್ನೂ ಹಾಗೇ ಇದೆ. ಮೊದಲ ವಾರ ಅವರು ಕೊಟ್ಟ ಕೆಲಸ ಇದು: ಮೈದಾನ ಸುತ್ತುತ್ತಾ ಹತ್ತು ಹೆಜ್ಜೆಗೊಂದರಂತೆ ಚನ್ನರಾಯಪಟ್ಟಣದಿಂದ ಹಾಸನದವರೆಗಿನ ಬಸ್ ಸ್ಟಾಪುಗಳನ್ನು ಸಾಲಾಗಿ ಹೇಳಬೇಕು. ತಾತ ಎರಡನೇ ಸ್ಟಾಪಿಗೇ ನಿಂತುಬಿಟ್ಟರು. ಮುಖ ಸಣ್ಣದಾಯಿತು. ಹಿಂದೆ ಬರುತ್ತಿದ್ದ ದಂಡಿಗನಹಳ್ಳಿ ಅಜ್ಜಿ ಬಾಯಿ ಬಿಡಲು ಹೋದಾಗ ಮೇಷ್ಟ್ರು ಸೀಟಿ ಊದಿದರು. “ಹೇಳ್ಕೊಡಂಗಿಲ್ಲ! ಕಾಯ್ರಿ!” ಕಾದೆವು. ತುಂಬಾ ಹೊತ್ತಿನ ಮೇಲೆ ಊರಿನ ಹೆಸರು ಬಂತು. ತಾತ ಮತ್ತೆ ಹೆಜ್ಜೆ ಹಾಕಿದರು.

ಇನ್ನೇನು ಎಲ್ಲರೂ ಹಾಸನ ಮುಟ್ಟಬೇಕು, ಆಗ ನೋಡಿದರೆ ಅಜ್ಜಿಯೇ ಇಲ್ಲ. ಹಿಂದೆ ಕಲ್ಲುಬೆಂಚಿನ ಮೇಲೆ ಸೆರಗು ಹರಡಿಕೊಂಡು ಆರಾಮಾಗಿ ಕೂತಿದ್ದಾರೆ.

“ಯಾಕಜ್ಜಿ, ಸುಸ್ತಾಯ್ತಾ?”

“ಸುಸ್ತೇನಿಲ್ಲ ಕಣವ್ವ. ಶಾಂತಿಗ್ರಾಮ ಬಂತಲ್ಲ, ನನ್ ತಂಗಿ ಮನೆ ಇಲ್ಲೇ. ಇಳ್ಕಂಡೆ. ನೀವ್ ಓಗಿ, ಬರ್ತಾ ಅತ್ತುಸ್ಕಳಿ.”

೩. ಮಿಕ್ಕಿದ್ದು ಅವಳು ಹಾಕ್ತಾಳೆ

ಇನ್ನೊಂದು ದಿನ ಒಂಟಿ ಕಾಲಿನ ಸರದಿ. ಬೀಳದ ಹಾಗೆ ಪಕ್ಕದವರ ಭುಜ ಹಿಡಿದು ಒಂದು ಕಾಲ ಮೇಲೆ ನಿಂತು, ಸೊಪ್ಪು ಕಾಳು ಬಸಿದು ಮಾಡುವ ಬಸ್ಸಾರಿಗೆ ಏನೇನು ಹಾಕುತ್ತಾರೆ ಅಂತ ಹೇಳಬೇಕು. ಹೆಂಗಸರು ಕಾಲು ಮರೆತು ಜಗಳಕ್ಕೇ ಬಿದ್ದರು. ಒಬ್ಬರು ತೆಂಗಿನಕಾಯಿ ಹುರಿದು ಹಾಕಬೇಕು ಅಂದರೆ ಇನ್ನೊಬ್ಬರು ಹುರಿದರೆ ಅದು ಬಸ್ಸಾರೇ ಅಲ್ಲ ಅಂದರು. ಕಾಲು ನಿಂತಿದ್ದು ನಿಂತೇ ಇತ್ತು.

“ಮೇಷ್ಟ್ರೆ, ಈಗ ನೀವು” ಅಂದೆ.

ಮೇಷ್ಟ್ರು ಕಂಬದ ಹಾಗೆ ನೆಟ್ಟಗೆ ನಿಂತರು. “ಉಪ್ಪು.” ಸೀಟಿ ಮುಟ್ಟಿ ನೋಡಿಕೊಂಡರು. “ಖಾರ.” ಕಾಲು ಬದಲಾಯಿಸಿದರು. “ಮಿಕ್ಕಿದ್ದು ನಮ್ಮ ಮನೆಯವಳು ಹಾಕ್ತಾಳೆ.”

“ಇದು ಮರೆವಲ್ಲ ಮೇಷ್ಟ್ರೆ. ಕಲೀದೇ ಇದ್ದದ್ದನ್ನ ಮರೆಯೋದು ಹೆಂಗೆ? ಇದು ಶುದ್ಧ ಸೋಮಾರಿತನ!” ಅಂತ ಎಲ್ಲರೆದುರಿಗೇ ಹೇಳಿದೆ.

ಅವರಿಗೆ ರೋಷ ಬಂತು. ಅವತ್ತೇ ಅಡುಗೆಮನೆಗೆ ನುಗ್ಗಿದರಂತೆ. ನಾಲ್ಕನೇ ದಿನ ಅವರ ಹೆಂಡತಿ ನನ್ನ ಅಂಗಡಿಗೆ ಬಂದು ಕೈ ಮುಗಿದರು. “ಒಗ್ಗರಣೆಗೂ ಸೀಟಿ ಊದ್ತಾರೆ ಟೈಲರಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ, ಕಲ್ಸಿದ್ದನ್ನೆಲ್ಲ ಮರೆಸಿಬಿಡಿ.”

೪. ಹಿಂದಕ್ಕೆ ನಡೆದ ತಿಂಗಳುಗಳು

ಎರಡು ತಿಂಗಳಾಗುವ ಹೊತ್ತಿಗೆ ತಾತ ಬಸ್ ಸ್ಟಾಪುಗಳನ್ನು ಹಾಸನದಿಂದ ಹಿಂದಕ್ಕೂ ಹೇಳುತ್ತಿದ್ದರು. ಸುಣ್ಣದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುತ್ತಾ, ಫಾಲ್ಗುಣದಿಂದ ಚೈತ್ರಕ್ಕೆ ತಿಂಗಳುಗಳನ್ನು ಉಲ್ಟಾ ಹೇಳುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಇದನ್ನು ನೋಡಿ ಸೊಸೆಗೆ ಫೋನ್ ಮಾಡಿದರು: “ನಿಮ್ಮ ಮಾವಂಗೆ ತಲೆ ಪೂರ್ತಿ ಕೆಟ್ಟೋಗಿದೆ. ಗೆರೆ ಮೇಲೆ ನಡ್ಕೊಂಡು ಒಬ್ಬರೇ ಮಾತಾಡ್ತಾವ್ರೆ.”

ಸೊಸೆ ಒಲೆ ಆರಿಸಿ ಓಡಿ ಬಂದಳು. ಮೇಷ್ಟ್ರಿಗೆ ಗೆರೆಯ ಹತ್ತಿರ ಬಂದವರೆಲ್ಲ ಶಿಷ್ಯರೇ. ಸೀಟಿ ಊದಿದರು. “ನೆಕ್ಸ್ಟ್! ನಡಿಯಮ್ಮ!” ಗಾಬರಿಯಲ್ಲಿ ಅವಳು ನಡೆದೇಬಿಟ್ಟಳು. “ಫಾಲ್ಗುಣ, ಮಾಘ...” ಅಲ್ಲಿಗೆ ನಿಂತಿತು. ಗೆರೆಯೂ ತಪ್ಪಿತು.

ತಾತ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. “ಏನವ್ವ, ನಿಂಗೂ ಒಂದು ಬೀಗ ತರ್ಸಾಣ್ವಾ?”

ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಮಾರನೆಯ ದಿನದಿಂದ ತಾತನ ಹಿಂದೆ ಅವಳೂ ಸಾಲಿನಲ್ಲಿ ನಿಂತಳು.

೫. ತುಂಬಿದ ಲೋಟ

ಪರೀಕ್ಷೆಯ ದಿನ ಬಂತು. ತಾತ, ಅವರ ಮಗ, ಸೊಸೆ, ಕರೆಯದಿದ್ದರೂ ನಾನು, ನಾಲ್ಕು ಜನ ಹಾಸನಕ್ಕೆ ಹೋದೆವು. ಪರೀಕ್ಷೆ ಮಾಡುವ ಹುಡುಗಿ ದೂರದ ಊರಿನಿಂದ ಹೊಸದಾಗಿ ಬಂದವಳು. ತಾತನ ಕೈಗೆ ತುಂಬಿದ ನೀರಿನ ಲೋಟ ಕೊಟ್ಟಳು. “ಚೆಲ್ಲದ ಹಾಗೆ ಹತ್ತು ಹೆಜ್ಜೆ ನಡೀರಿ ತಾತ. ಒಂದೊಂದು ಹೆಜ್ಜೆನೂ ಜೋರಾಗಿ ಎಣಿಸಿ.”

ತಾತ ಹೊರಟರು. “ಲಾಭ, ಎರಡು, ಮೂರು, ನಾಕು...”

ಹುಡುಗಿ ತಡೆದಳು. “ಮೊದಲಿಂದ, ತಾತ.”

“ಲಾಭ, ಎರಡು, ಮೂರು...”

ಮೂರು ಸಲ ನಡೆಸಿದಳು. ಮೂರು ಸಲವೂ ಅದೇ. ಅವಳು ತಲೆ ಬಗ್ಗಿಸಿ ಹಾಳೆಯ ಮೇಲೆ ಬರೆದಳು: ‘ಒಂದು ಎಂಬುದು ನೆನಪಿಲ್ಲ.’ ಮಗನ ಮುಖ ಇಳಿಯಿತು. ಅವನ ಕೈ ತಾನಾಗಿಯೇ ಜೇಬಿನ ಬೀಗದ ಕೈ ಮುಟ್ಟಿತು. ನಾನು ಕೂಗಾಡಲು ಎದ್ದು ನಿಂತೆ. ಅಷ್ಟರಲ್ಲಿ ಸೊಸೆ ಮುಂದೆ ಹೋದಳು.

“ಮೇಡಂ, ಅದು ಮರೆವಲ್ಲ. ನಮ್ಮ ಕಡೆ ರಾಗಿ ಅಳೆಯುವಾಗ, ಕಾಯಿ ಎಣಿಸುವಾಗ ಮೊದಲನೇದಕ್ಕೆ ಒಂದು ಅನ್ನಲ್ಲ, ಲಾಭ ಅಂತಾರೆ. ನಮ್ಮ ಮಾವ ಜೀವಮಾನವೆಲ್ಲ ಹಂಗೇ ಎಣಿಸಿದ್ದು. ನೀವು ಬಾಯಿ ಮಾತ್ರ ನೋಡಿದ್ರಿ. ಲೋಟ ನೋಡಿ.”

ನೋಡಿದರೆ ಲೋಟದಲ್ಲಿ ನೀರು ಅಂಚಿನ ತನಕ ಹಾಗೇ ಇದೆ. ಮೂರು ಸಲ ನಡೆದರೂ ಒಂದು ತೊಟ್ಟು ಚೆಲ್ಲಿಲ್ಲ.

ಹುಡುಗಿ ಒಳ್ಳೆಯವಳು. ನಾಚಿಕೊಂಡಳು. “ಇದು ಅಷ್ಟು ಸುಲಭ ಅಲ್ಲ ತಾತ” ಅಂದಳು.

“ಎಲ್ಲಿ, ನೀನೊಂದ್ಸಲ ನಡಿ ಮಗ. ನೂರರಿಂದ ಮೂರ್ ಮೂರು ಕಳ್ಕಂಡ್ ಬಾ. ನಮ್ ಮೇಷ್ಟ್ರು ಅಂಗೇ ಮಾಡ್ಸೋದು.”

ಅವಳು ಲೋಟ ಹಿಡಿದು ಹೊರಟಳು. “ತೊಂಬತ್ತೇಳು, ತೊಂಬತ್ತನಾಲ್ಕು, ತೊಂಬತ್ತು... ಅಲ್ಲಲ್ಲ...” ಅಷ್ಟೇ. ಅರ್ಧ ಲೋಟ ನೀರು ಮೇಜಿನ ಮೇಲೆ, ಸರಿಯಾಗಿ ಅವಳು ಬರೆದ ಹಾಳೆಯ ಮೇಲೇ ಚೆಲ್ಲಿತು. ಬರೆದದ್ದೆಲ್ಲ ನೀಲಿ ನೀರಾಗಿ ಹರಿದು ಹೋಯಿತು.

ತಾತ ಅವಳ ತಲೆ ಸವರಿದರು. “ಬುಡವ್ವ, ಬೇಜಾರ್ ಮಾಡ್ಕಬ್ಯಾಡ. ಮಾಡ್ತಾ ಮಾಡ್ತಾ ಬತ್ತದೆ. ನಾಳಿಂದ ಆರೂವರೆಗೆ ನಮ್ ಗ್ರೌಂಡಿಗೆ ಬಂದ್ಬುಡು.”

ಒಳಗಿನ ಕೋಣೆಯಿಂದ ಬಂದು ಇದನ್ನೆಲ್ಲ ನೋಡಿದ ಡಾಕ್ಟರು ನಕ್ಕು ನಕ್ಕು, ಹೊಸ ಹಾಳೆ ತೆಗೆದು ತಾವೇ ಎಲ್ಲ ಪರೀಕ್ಷೆ ಮಾಡಿದರು. ಮರೆವು ಪೂರ್ತಿ ಹೋಯಿತು ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಮೊದಲಿಗಿಂತ ಚುರುಕಾಗಿದ್ದಾರೆ, ಜೇಬಿನಲ್ಲಿ ವಿಳಾಸದ ಚೀಟಿ ಇಟ್ಟುಕೊಂಡು ಒಬ್ಬರೇ ಹೊರಗೆ ಹೋಗಿ ಬರಲಿ ಅಂದರು. ಮಗ ಆಸ್ಪತ್ರೆಯ ಬಾಗಿಲಲ್ಲೇ ಬೀಗದ ಕೈಯನ್ನು ತಾತನಿಗೆ ಕೊಟ್ಟ.

ಇದನ್ನು ಓದುತ್ತಿರುವ ನೀವು ಈಗ ಎದ್ದೇಳಿ. ನಿಮ್ಮ ಮನೆಯ ಕುರ್ಚಿಯಲ್ಲಿ ಕೂತಿರುವವರ ಕೈ ಹಿಡಿದು ಎಬ್ಬಿಸಿ, ಬೀದಿಗೆ ಕರೆದುಕೊಂಡು ಹೋಗಿ. ಜೊತೆಯಲ್ಲಿ ನಡೆಯುತ್ತಾ ಅವರಿಗೆ ಗೊತ್ತಿರುವ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿ. ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯಿರಿ. ನಾಳೆಯಿಂದ ಅಲ್ಲ, ಇವತ್ತೇ.