ಅವ್ವನ ಹಾಡಿಗೆ ನಾನು ಬರೆದ ಅರ್ಥ

ಕಷ್ಟಪಟ್ಟು ಪದವಿ ಪಡೆದವರಿಗೆ ಒಂದು ರೋಗವಿರುತ್ತದೆ. ಸುಲಭವಾಗಿ ಪದವೀಧರರಾದವರಿಗೆ ಅದು ತಗಲುವುದಿಲ್ಲ. ಅವರು ಓದಿದ್ದನ್ನು ಮರೆತು ಹಾಯಾಗಿರುತ್ತಾರೆ. ನಮ್ಮಂಥವರಿಗೆ ಮಾತ್ರ, ಕಂಡದ್ದನ್ನೆಲ್ಲ ತಿದ್ದಿ ಶುದ್ಧ ಮಾಡದಿದ್ದರೆ ಕಲಿತದ್ದೆಲ್ಲ ಆವಿಯಾಗಿ ಹೋದೀತು ಎಂಬ ಭಯ. ನಾನು ನಮ್ಮ ಮನೆತನದ ಮೊದಲ ಪದವೀಧರೆ. ಮನೆತನ ಎಂದದ್ದು ಸ್ವಲ್ಪ ದೊಡ್ಡ ಮಾತಾಯಿತು. ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೂಲಿಗೆ ಬಂದ, ಹೆಬ್ಬೆಟ್ಟು ಒತ್ತುವ ಜನ ನಾವು. ಶಾಲೆಯನ್ನು ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡದಲ್ಲಿ ಕಲಿತೆ. ಕಾಲೇಜು ಪುಣೆಯಲ್ಲಿ. ಮೂರು ವರ್ಷದ ಬಿ.ಎ.ಯನ್ನು ಐದು ವರ್ಷದಲ್ಲಿ ಮುಗಿಸಿದೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಉಳಿದವರಿಗಿಂತ ಎರಡು ವರ್ಷ ಹೆಚ್ಚು ಓದಿದ್ದೇನೆ ಎಂದೇ ಭಾವಿಸಿದ್ದೇನೆ.

ಈ ರೋಗವಿದ್ದವರಿಗೆ ಹೇಳಿ ಮಾಡಿಸಿದಂಥ ಕೆಲಸವೂ ನನಗೆ ಸಿಕ್ಕಿತು. ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಪತ್ರ ಬರೆಯುತ್ತೇನೆ. ನಮ್ಮ ಸಾಹೇಬರು ಮರಾಠಿಯಲ್ಲಿ ಬೈಯುತ್ತಾರೆ, ನಾನು ಇಂಗ್ಲಿಷಿನಲ್ಲಿ ವಿನಂತಿಸುತ್ತೇನೆ. ‘ಆ ಲಾರಿಯವನ ಕಾಲು ಮುರಿಯಿರಿ’ ಎಂದು ಅವರ ಬಾಯಿಂದ ಹೊರಟ ಮಾತು ನನ್ನ ಮೇಜು ದಾಟುವಷ್ಟರಲ್ಲಿ ‘ಸರಕು ತಲುಪುವಲ್ಲಿ ಆಗುತ್ತಿರುವ ವಿಳಂಬದತ್ತ ತಮ್ಮ ಗಮನ ಸೆಳೆಯಲು ಇಚ್ಛಿಸುತ್ತೇವೆ’ ಎಂದಾಗಿರುತ್ತದೆ. ‘ಮ್ಯಾಡಮ್, ನೀವಿಲ್ಲದಿದ್ದರೆ ನಾನು ಎಂದೋ ಜೈಲಿಗೆ ಹೋಗಿರುತ್ತಿದ್ದೆ’ ಎಂದು ಸಾಹೇಬರೇ ಒಮ್ಮೆ ಹೊಗಳಿದ್ದಾರೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಕೈ, ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಈಗ ಹೇಳಲಿರುವುದು ಆ ಕೈ ಮಾಡಿದ ಕೆಲಸ.

ನನ್ನ ಮಗಳು ಸಾಕ್ಷಿ ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಅವಳು ಜಪಾನಿನ ಕಾರ್ಟೂನ್ ಚಿತ್ರಗಳಿಂದ ತುಣುಕುಗಳನ್ನು ಕತ್ತರಿಸಿ, ಅವಕ್ಕೆ ಸಂಬಂಧವೇ ಇಲ್ಲದ ಒಂದು ಹಾಡಿಗೆ ಜೋಡಿಸಿ, ಮೂರು ನಿಮಿಷದ ಹೊಸ ವಿಡಿಯೋ ಮಾಡುತ್ತಾಳೆ. ‘ಈ ವಯಸ್ಸಿನಾಗ ಕಾರ್ಟೂನ್ ಏನ ನೋಡ್ತಿ’ ಎಂದಿದ್ದಕ್ಕೆ, ‘ಕಾರ್ಟೂನ್ ಅನಬ್ಯಾಡ ಮಮ್ಮಿ, ಆನಿಮೆ’ ಎಂದು ನನ್ನನ್ನೇ ತಿದ್ದಿದಳು. ತಿದ್ದುವ ರೋಗ ವಂಶಪಾರಂಪರ್ಯವಾಗಿ ಬರುತ್ತದೆ ಎಂದು ಆಗಲೇ ತಿಳಿದದ್ದು.

ಇಂಥ ವಿಡಿಯೋ ಮಾಡುವವರದೇ ಒಂದು ಗುಂಪು ಫೋನಿನೊಳಗೆ ಇದೆ. ಹಲವು ದೇಶಗಳ ಜನ, ಯಾರೂ ಯಾರ ಮುಖವನ್ನೂ ನೋಡಿಲ್ಲ. ಮುಖದ ಜಾಗದಲ್ಲಿ ಬೆಕ್ಕು, ಕತ್ತಿ, ಚಂದ್ರನ ಚಿತ್ರ. ಒಬ್ಬರದಂತೂ ಬರಿಯ ಬಟಾಟೆ. ಗಂಡೋ ಹೆಣ್ಣೋ, ಯಾವ ಊರೋ ಗೊತ್ತಿಲ್ಲ, ಆದರೆ ಗುಂಪಿನಲ್ಲಿ ಆ ಬಟಾಟೆಯಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ವಿಡಿಯೋ ಪೂರ್ತಿ ಮುಗಿಸುವ ಮುನ್ನ ಅದರ ಕಚ್ಚಾ ಪ್ರತಿಯನ್ನು ಎಲ್ಲರ ಮುಂದಿಡಬೇಕು. ಎಲ್ಲರೂ ನಿಮಿಷ, ಸೆಕೆಂಡು ನಮೂದಿಸಿ ಅಭಿಪ್ರಾಯ ಹೇಳುತ್ತಾರೆ. ಮಾಡಿದವರು ಒಂದೊಂದಕ್ಕೂ ಉತ್ತರ ಕೊಡಬೇಕು. ‘ಹದಿನಾಲ್ಕನೆಯ ಸೆಕೆಂಡಿನಲ್ಲಿ ಡೋಲಿನ ಪೆಟ್ಟು ಬಿದ್ದ ಮೇಲೆ ಕಣ್ಣು ಮಿಟುಕಿದೆ, ಪೆಟ್ಟಿನ ಜೊತೆಗೇ ಮಿಟುಕಬೇಕಿತ್ತು’ ಎಂದು ಬಟಾಟೆ ಬರೆದರೆ, ಆ ಮಿಟುಕಿನ ಮೇಲೆ ಎರಡು ದಿನ ಚರ್ಚೆ. ನಮ್ಮ ಸೊಸೈಟಿಯ ಸಭೆಯಲ್ಲಿ ಒಡೆದ ನೀರಿನ ಟ್ಯಾಂಕಿಗೂ ಅಷ್ಟು ಗಮನ ಸಿಕ್ಕಿಲ್ಲ.

ನಮ್ಮವ್ವ ನಮ್ಮ ಜೊತೆಗೇ ಇದ್ದಾಳೆ. ಮೊಮ್ಮಗಳು ಮಾಡುವ ವಿಡಿಯೋಗಳ ಮೊದಲ ಪ್ರೇಕ್ಷಕಿ ಅವಳೇ. ಕನ್ನಡಕ ಏರಿಸಿಕೊಂಡು, ಫೋನನ್ನು ಕನ್ನಡಿಯಂತೆ ಎದುರಿಗೆ ಹಿಡಿದು ನೋಡುತ್ತಾಳೆ.

‘ಯವ್ವಾ, ಈ ಹುಡುಗಿ ಕಣ್ಣ ಯಾಕ ಇಷ್ಟ ದೊಡ್ಡವು? ಥೈರಾಯ್ಡ್ ಅದ ಏನು?’

‘ಅಜ್ಜಿ, ಎಲ್ಲಾರ ಕಣ್ಣೂ ಹಂಗ ಇರ್ತಾವ ಅದರಾಗ.’

‘ಹಂಗಾರ ಆ ಊರ ನೀರ ಸರಿ ಇಲ್ಲ.’

ಒಂದು ದಿನ ಅವ್ವ ಮೆಂತೆ ಸೊಪ್ಪು ಸೋಸುತ್ತ ತನ್ನಷ್ಟಕ್ಕೆ ಒಂದು ಹಾಡು ಗುನುಗುತ್ತಿದ್ದಳು. ಪ್ರತಿ ಸಾಲಿನ ಕೊನೆಗೆ ‘ಹ್ಞೂಂ’ ಎಂಬ ಗಟ್ಟಿ ದನಿ. ಕಟ್ಟಡದ ಮೇಲೆ ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಾಗ ಹಾಕುವ ದನಿ ಅದು. ಸಾಕ್ಷಿ ಅದನ್ನು ಫೋನಿನಲ್ಲಿ ಹಿಡಿದುಕೊಂಡಳು. ಯಾವುದೋ ಆನಿಮೆಯಲ್ಲಿ ಒಬ್ಬ ಹುಡುಗಿ ತನಗಿಂತ ದೊಡ್ಡ ಬಕೆಟ್ಟನ್ನು ತಲೆಯ ಮೇಲಿಟ್ಟು ಮುಗಿಯದ ಮೆಟ್ಟಿಲು ಹತ್ತುತ್ತಾಳಂತೆ. ಅವ್ವನ ಒಂದೊಂದು ‘ಹ್ಞೂಂ’ಗೂ ಆ ಹುಡುಗಿಯ ಒಂದೊಂದು ಹೆಜ್ಜೆ ಬೀಳುವಂತೆ ಸಾಕ್ಷಿ ಕೂಡಿಸಿದಳು. ನೋಡಿದರೆ ಮೈ ಜುಂ ಎನ್ನುತ್ತಿತ್ತು. ಮಗಳು ಓದುವುದು ಬಿಟ್ಟು ಇದನ್ನು ಮಾಡುತ್ತಿದ್ದಾಳೆ ಎಂಬ ಸಿಟ್ಟು ಅಂದಿಗೆ ಇಳಿಯಿತು.

ಆ ಗುಂಪಿನಲ್ಲಿ ಇನ್ನೊಂದು ನಿಯಮವಿದೆ. ಹಾಡು ಉಳಿದವರಿಗೆ ತಿಳಿಯದ ಭಾಷೆಯಲ್ಲಿದ್ದರೆ, ಸಾಲು ಸಾಲಿಗೂ ಇಂಗ್ಲಿಷಿನಲ್ಲಿ ಅರ್ಥ ಹಾಕಬೇಕು. ಚಿತ್ರ ಮಾತಿಗೆ ಹೊಂದಿದೆಯೋ ಇಲ್ಲವೋ ಅವರು ತೂಗಿ ನೋಡಬೇಕಲ್ಲ. ಸಾಕ್ಷಿಯ ಕನ್ನಡ ಅಡುಗೆಮನೆಯಷ್ಟು ದೊಡ್ಡದು, ಅದರಾಚೆ ಮರಾಠಿ. ಅವ್ವನ ಹಾಡೋ ಅರ್ಧ ನುಂಗಿದ ಹಳೆಯ ಮಾತುಗಳದು. ‘ಏನರೆ ಹಾಡಿದ್ದು, ಬಿಡು’ ಎಂದು ಅವ್ವ ನಾಚಿಕೊಂಡಳು. ಕೊನೆಗೆ ಕೆಲಸ ಪದವೀಧರೆಯ ಬಳಿ ಬಂತು.

ಮರುದಿನ ಕಂಪನಿಯ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕುಳಿತೆ. ಕೇಳುವ ಅಗತ್ಯವೇ ಇರಲಿಲ್ಲ, ಆ ಹಾಡು ನನಗೆ ಗೊತ್ತಿತ್ತು.

‘ಏಳ ಮಾಳಗಿ ಏರೀನವ್ವಾ, ತಲಿ ಮ್ಯಾಲ ಯಾರ ಮನಿಯೋ,
ಮುಕಾದಮನ ಬಾಯಾಗ ಹುಳ ಬೀಳಲಿ, ಹೊತ್ತು ಮುಣಗಿದ್ದು ಕಾಣವಲ್ಲದು,
ಕೆಳಗ ಉಸುಕಿನ ಗುಡ್ಡಿ ಮ್ಯಾಲ ಕೂಸು ಅಳತಾದ,
ಕಾಲಿಗೆ ಹಗ್ಗ ಕಟ್ಟಿ ಬಂದೀನಿ, ಕಲ್ಲೇ ನೀನ ಸಂಭಾಳಸ.’

ಮಾಳಗಿ ಎಂದರೆ ಮಹಡಿ. ಮುಕಾದಮ ಎಂದರೆ ಕೂಲಿಯವರ ಮೇಲ್ವಿಚಾರಕ, ಹೊತ್ತು ಮುಳುಗಿದರೂ ಕೆಲಸ ಬಿಡಿಸದವನು. ಕೂಸು ಎಂದರೆ ನಾನು. ಓಡಾಡಿ ಗುಂಡಿಗೆ ಬೀಳಬಾರದೆಂದು ನನ್ನ ಕಾಲಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಲ್ಲಿಗೆ ಬಿಗಿದು ಅವ್ವ ಮೇಲೆ ಹೋಗುತ್ತಿದ್ದಳು. ನಮ್ಮ ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ‘ಅಪ್ಪ ಕನ್‌ಸ್ಟ್ರಕ್ಷನ್ ಲೈನಿನಲ್ಲಿದ್ದರು’ ಎಂದು ನಾನು ಹೇಳುತ್ತೇನೆ. ಕೇಳಿದವರು ಬಿಲ್ಡರ್ ಇರಬೇಕು ಎಂದುಕೊಳ್ಳುತ್ತಾರೆ. ಅವರು ಏನಂದುಕೊಂಡರೆ ಅದಕ್ಕೆ ನಾನು ಹೊಣೆಯೇ?

ಬಸ್ಸು ಕಾರ್ಖಾನೆಯ ಗೇಟು ಮುಟ್ಟುವಷ್ಟರಲ್ಲಿ ಅರ್ಥ ಸಿದ್ಧವಾಗಿತ್ತು. ‘ಎತ್ತರದ ಮೆಟ್ಟಿಲುಗಳನ್ನು ಏರುತ್ತಿದ್ದೇನೆ, ಸೂರ್ಯನೇ ನೀನಿನ್ನು ವಿಶ್ರಮಿಸು, ಚಿನ್ನದ ಮರಳಿನ ಮೇಲೆ ನನ್ನ ಮಗು ಆಡುತ್ತಿದೆ.’ ಮುಕಾದಮ ಇಲ್ಲ, ಹುಳ ಇಲ್ಲ, ಹಗ್ಗ ಇಲ್ಲ. ಇಂಗ್ಲಿಷಿನಲ್ಲಿ ಇಂಥ ಬೈಗುಳ ಚೆನ್ನಾಗಿ ಕೇಳಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಾಕ್ಷಿ ಅದನ್ನು ನಂಬಿ, ಮೂರನೆಯ ಸಾಲಿಗೆ ಸಮುದ್ರದ ದಂಡೆಯಲ್ಲಿ ಕೇಕೆ ಹಾಕಿ ನಗುವ ಒಂದು ಮಗುವಿನ ಚಿತ್ರ ಸೇರಿಸಿ, ಕಚ್ಚಾ ಪ್ರತಿಯನ್ನು ಗುಂಪಿನ ಮುಂದಿಟ್ಟಳು.

ಬೆಕ್ಕು, ಕತ್ತಿ, ಚಂದ್ರ ಎಲ್ಲರೂ ಹೊಗಳಿದರು. ಆಮೇಲೆ ಬಟಾಟೆ ಬಂತು. ‘ಐವತ್ತೆಂಟನೆಯ ಸೆಕೆಂಡು: ಈಕೆ ಸೂರ್ಯನೊಂದಿಗೆ ಮಾತಾಡುತ್ತಿಲ್ಲ, ಯಾರನ್ನೋ ಬೈಯುತ್ತಿದ್ದಾಳೆ. ಒಂದು ನಿಮಿಷ ನಲವತ್ತೊಂದು: ಇಲ್ಲಿ ಆಕೆಯ ದನಿ ಒಡೆಯುತ್ತದೆ, ಚಿತ್ರದಲ್ಲಿ ಮಗು ನಗುತ್ತಿದೆ. ನನಗೆ ಈ ಭಾಷೆ ಬಾರದು. ಆದರೂ ಕೇಳುತ್ತೇನೆ, ಆಡುವ ಮಗುವನ್ನು ನೋಡುತ್ತ ಯಾರಾದರೂ ಹೀಗೆ ಹಾಡುತ್ತಾರೆಯೇ?’

ಸಾಕ್ಷಿ ಉತ್ತರ ಬರೆದಳು: ‘ಅರ್ಥ ಬರೆದವರು ನನ್ನ ತಾಯಿ. ಅವರು ಪದವೀಧರೆ. ತಪ್ಪಾಗುವುದಿಲ್ಲ.’

ಮಾತು ಬೆಳೆಯಿತು. ತನ್ನ ಬಳಿ ಇದ್ದ ಚಿತ್ರಕ್ಕೆ ಹೊಂದಲೆಂದು ಸಾಕ್ಷಿಯೇ ಹಾಡಿನ ಅರ್ಥ ತಿರುಚಿದ್ದಾಳೆ ಎಂದು ಕತ್ತಿಯ ಚಿತ್ರದವರು ಬರೆದರು. ಆ ಗುಂಪಿನಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಅಂಥವರ ವಿಡಿಯೋವನ್ನು ತೆಗೆದುಹಾಕುತ್ತಾರೆ, ಮುಂದೆ ಯಾರೂ ಅವರ ಕೆಲಸ ನೋಡುವುದಿಲ್ಲ. ಎರಡು ವರ್ಷ ಕಷ್ಟಪಟ್ಟು ಗಳಿಸಿದ ಹೆಸರನ್ನು ನನ್ನ ಮಗಳು ನನ್ನ ಬಿ.ಎ. ಮೇಲೆ ಪಣವಿಟ್ಟು ಮೂರು ದಿನ ಒಬ್ಬಳೇ ಜಗಳ ಮಾಡಿದಳು. ಊಟಕ್ಕೆ ಕುಳಿತಾಗ ಕೇಳಿದಳು, ‘ಮಮ್ಮಿ, ಆ ಬಟಾಟಿಗೆ ಏನ್ ತಿಳೀತದ? ನೀ ಬರದದ್ದು ಕರೆಕ್ಟ್ ಅದ ಅಲ್ಲ?’

‘ಅದ’ ಎಂದೆ. ತಟ್ಟೆಯಿಂದ ತಲೆ ಎತ್ತಲಿಲ್ಲ.

ರವಿವಾರ ಮಧ್ಯಾಹ್ನ ಸಾಕ್ಷಿ ಒಂದು ಉಪಾಯ ಮಾಡಿದಳು. ಹಾಡಿದವಳ ಬಾಯಿಂದಲೇ ‘ಅರ್ಥ ಸರಿ’ ಎಂದು ಹೇಳಿಸಿ, ಅದನ್ನು ಗುಂಪಿಗೆ ಕಳಿಸುವುದು. ನಾನು ಸೀರೆ ಮಡಚುತ್ತಿದ್ದೆ. ಅವಳು ನನ್ನ ಇಂಗ್ಲಿಷನ್ನು ತನ್ನ ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಒಂದೊಂದೇ ಸಾಲು ಹೇಳಿದಳು. ಅವ್ವ ಗಮನವಿಟ್ಟು ಕೇಳಿದಳು.

‘ಭಾಳ ಚಂದ ಅದ. ಯಾರ ಹಾಡಿದು?’

‘ನಿಂದ ಅಜ್ಜಿ.’

‘ನಾ ಯಾವಾಗ ಹಾಡಿದ್ನೇ ಇದನ್ನ?’

ಸಾಕ್ಷಿ ನನ್ನ ಕಡೆ ತಿರುಗಿದಳು. ಅವ್ವನೂ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

‘ಮುಕಾದಮನ ಎಲ್ಲಿ ಕಳಸಿದಿ, ಮಾದೇವಿ?’

‘ಅವ್ವಾ, ಮಂದಿ ಮುಂದ ಬೈಗುಳ ಯಾಕಂತ...’

‘ಹಗ್ಗ?’

ನಾನು ಸೀರೆಯ ಮಡಿಕೆ ಬಿಚ್ಚಿ ಮತ್ತೆ ಮಡಚಿದೆ.

ಅವ್ವ ಮೊಮ್ಮಗಳಿಗೆ ಹೇಳತೊಡಗಿದಳು. ‘ಕೂಸ, ಅದು ಸುಮ್ನ ಹಾಡಿದ್ದಲ್ಲ. ಕೆಳಗ ನಿಮ್ಮವ್ವ ಹಸದು ಅಳ್ತಿದ್ಲು. ಇಳದು ಹಾಲು ಕುಡಿಸಿ ಬರ್ತೀನ್ರಿ ಅಂದ್ರ ಮುಕಾದಮ ಬಿಡ್ತಿದ್ದಿಲ್ಲ. ಅದಕ್ಕ ಹಾಡಿನಾಗ ಬೈತಿದ್ದೆ. ಬೈದ್ರ ಸಾಲಿನಾಗಿನ ಹೆಣ್ಮಕ್ಕಳೆಲ್ಲ ನಗ್ತಿದ್ರು. ನಕ್ರ ಕೈ ನಿಂದರ್ತಿದ್ವು, ಬುಟ್ಟಿ ನಿಂದರ್ತಿದ್ವು. ಆಗ ಅವನ ಒದರ್ತಿದ್ದ, ಹೋಗ ಮಾರಾಯ್ತಿ, ಮೊದಲ ಕೆಳಗ ಹೋಗು ಅಂತ.’ ಆಮೇಲೆ ನನ್ನನ್ನು ನೋಡಿದಳು. ‘ಹುಳ ತಗದಿ ಅಂದ್ರ, ನಿನಗ ಹಾಲ ಎಲ್ಲಿಂದ ಸಿಕ್ತು ಹೇಳು?’

ಇದು ನನಗೆ ಗೊತ್ತಿರಲಿಲ್ಲ. ಹಾಡು ಪೂರ್ತಿ ಬಾಯಿಗೆ ಬರುತ್ತಿತ್ತು, ಅದು ಏಕೆ ಹುಟ್ಟಿತು ಎಂದು ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸಾಕ್ಷಿ ಕೂಗಾಡಲಿಲ್ಲ. ‘ಮೂರು ದಿವಸ ನಾ ಎಲ್ಲಾರ ಜೊತಿ ಜಗಳ ಆಡೀನಿ ಮಮ್ಮಿ’ ಎಂದಳು. ‘ಊಟಕ್ಕ ಕುಂತಾಗ ಕೇಳಿದ್ನಲ್ಲ. ಆಗರೆ ಹೇಳಬೇಕಿತ್ತಲ್ಲ?’ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲನ್ನು ಬಡಿಯಲೂ ಇಲ್ಲ, ಮೆಲ್ಲಗೆ ಹಾಕಿದಳು. ನನಗೆ ಅದೇ ಹೆಚ್ಚು ನೋವಾಯಿತು.

ಆ ಸಂಜೆ ನಾನು ಮತ್ತೆ ಅರ್ಥ ಬರೆದೆ. ಇದ್ದದ್ದನ್ನು ಇದ್ದಂತೆ ಬರೆಯುವುದು ಎಷ್ಟು ಕಠಿಣ ಎಂದು ಐದು ವರ್ಷದ ಬಿ.ಎ. ನನಗೆ ಕಲಿಸಿರಲಿಲ್ಲ. ಹುಳಕ್ಕೆ ಮೊದಲು ‘ಸೂಕ್ಷ್ಮಜೀವಿ’ ಎಂಬ ಅರ್ಥದ ಶಬ್ದ ಹಾಕಿದ್ದೆ. ಬಾಗಿಲು ತೆರೆದು ಬಂದ ಸಾಕ್ಷಿ ಅದನ್ನು ಹೊಡೆದುಹಾಕಿ ಹುಳವನ್ನೇ ಬಿಟ್ಟಳು. ಕೊನೆಗೆ ನನ್ನ ಹೆಸರಿನಲ್ಲಿ ಮೂರು ವಾಕ್ಯ ಸೇರಿಸಿದೆ. ‘ಮೊದಲ ಅರ್ಥವನ್ನು ಬದಲಾಯಿಸಿದವಳು ನಾನು. ನನ್ನ ಮಗಳಿಗೆ ಇದು ತಿಳಿದಿರಲಿಲ್ಲ. ಹಗ್ಗ ಕಟ್ಟಿಸಿಕೊಂಡ ಮಗು ನಾನೇ.’ ಈ ಮೂರು ವಾಕ್ಯಕ್ಕೆ ಒಂದು ತಾಸು ಹಿಡಿಯಿತು. ಸಾಕ್ಷಿ ನಗುವ ಮಗುವನ್ನು ತೆಗೆದು, ಮೆಟ್ಟಿಲ ಹುಡುಗಿ ಅಂಚಿನಿಂದ ಬಗ್ಗಿ ಕೆಳಗೆ ನೋಡುವ ಚಿತ್ರ ಹಾಕಿದಳು. ಕೆಳಗೆ ಏನಿದೆ ಎಂದು ತೋರಿಸಲಿಲ್ಲ.

ಕಳಿಸಿದ ಮೇಲೆ ನಾನು ನ್ಯಾಯಾಲಯದಲ್ಲಿ ನಿಂತವಳಂತೆ ಕಾದೆ. ಬಟಾಟೆ ‘ಈಗ ಸರಿ’ ಎಂದಿತು. ಕತ್ತಿ ಕ್ಷಮೆ ಕೇಳಿತು. ಇಪ್ಪತ್ತು ವರ್ಷ ಮುಚ್ಚಿಟ್ಟ ನನ್ನ ಗುಟ್ಟಿಗೆ ನಾಲ್ಕು ಹೃದಯದ ಚಿಹ್ನೆಗಳು ಬಿದ್ದವು. ಅಷ್ಟೇ. ಅಷ್ಟರಲ್ಲಿ ಅವ್ವ ಹೊಸ ಪ್ರತಿಯನ್ನು ನೋಡಿ, ‘ಈ ಹುಡುಗಿ ಎಂದೂ ಬುಟ್ಟಿ ಹೊತ್ತಿಲ್ಲ ಬಿಡು. ತಲಿ ಮ್ಯಾಲ ಭಾರ ಇದ್ದವರು ಬೆರಳ ಮ್ಯಾಲ ಮೆಟ್ಟಲ ಹತ್ತೂದಿಲ್ಲ, ಪೂರಾ ಪಾದ ಊರತಾರ’ ಎಂದಳು. ಸಾಕ್ಷಿ ಅದನ್ನು ಸೆಕೆಂಡು ನಮೂದಿಸಿ ಗುಂಪಿಗೆ ಹಾಕಿದಳು. ಆ ಪಾದದ ಮೇಲೆ ನಾಲ್ಕು ದಿನ ಚರ್ಚೆ. ಜಗತ್ತಿಗೆ ನನ್ನ ಹಗ್ಗಕ್ಕಿಂತ ಅವ್ವನ ಪಾದ ಮುಖ್ಯವಾಯಿತು. ಇದಕ್ಕಾಗಿ ಇಷ್ಟು ವರ್ಷ ಹೆದರಿದೆನಲ್ಲ ಎಂದು ಸ್ವಲ್ಪ ಬೇಸರವೇ ಆಯಿತು.

ಈಗ ರವಿವಾರಕ್ಕೊಮ್ಮೆ ಗುಂಪಿನವರು ತಮ್ಮ ತಮ್ಮ ವಿಡಿಯೋಗಳನ್ನು ಅವ್ವನಿಗೆ ಕಳಿಸುತ್ತಾರೆ. ಅವಳು ನೋಡಿ ಹೇಳುತ್ತಾಳೆ, ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಸಾಕ್ಷಿ ನನ್ನ ಬೆನ್ನ ಹಿಂದೆ ನಿಂತಿರುತ್ತಾಳೆ. ಕಳೆದ ವಾರ ಬಟಾಟೆಯದೇ ವಿಡಿಯೋ ಬಂದಿತ್ತು. ಅದರಲ್ಲಿ ಒಬ್ಬ ಯೋಧ ಕತ್ತಿಗೆ ಹಣೆ ಒತ್ತಿಕೊಂಡು ಹಾಡಿನುದ್ದಕ್ಕೂ ಅಳುತ್ತಾನೆ. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ‘ಮೂರು ನಿಮಿಷದಿಂದ ಅಳಲಿಕತ್ತಾನ, ಒಮ್ಮಿನೂ ಮೂಗ ಒರಸಿಲ್ಲ. ಸುಳ್ಳ ಅಳ್ತಾನ, ಹಲ್ಕಟ್.’ ‘ಯೋಧನ ದುಃಖವು ಇನ್ನೂ ಸ್ವಲ್ಪ ಸಹಜವಾಗಿ...’ ಎಂದು ನನ್ನ ಬೆರಳು ಆಗಲೇ ಶುರುಮಾಡಿತ್ತು. ಹಿಂದಿನಿಂದ ‘ಮಮ್ಮಿ’ ಎಂಬ ದನಿ ಕೇಳಿ ಅಳಿಸಿದೆ. ಮೂಗಿನ ಮಾತನ್ನು ಇದ್ದಂತೆಯೇ ಬರೆದೆ. ‘ಹಲ್ಕಟ್’ಗೆ ಮಾತ್ರ ಸರಿಯಾದ ಇಂಗ್ಲಿಷ್ ಶಬ್ದ ಎಷ್ಟು ಹುಡುಕಿದರೂ ಸಿಗದೆ, ಅದನ್ನು ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಿದೆ. ಅದರ ಅರ್ಥವೇನೆಂದು ಮೂರು ದಿನದಿಂದ ಬಟಾಟೆ ಬಹಳ ವಿನಯದಿಂದ ಕೇಳುತ್ತಿದೆ. ‘ನಮ್ಮ ಮಮ್ಮಿ ಹೇಳ್ತಾರೆ, ಅವರು ಪದವೀಧರೆ’ ಎಂದು ಸಾಕ್ಷಿ ಉತ್ತರ ಕೊಟ್ಟು ಕುಳಿತಿದ್ದಾಳೆ.