ಅವಲಕ್ಕಿ ತಿಂದು ಉಪವಾಸ ಬಂದವರು

ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಆಗದ ದಿನ ನಾವು ರಜೆಯಲ್ಲಿರುತ್ತೇವೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಿಎಸ್ಸಿ ಮುಗಿಸಿ, ವಿಜ್ಞಾನಿಯಾಗುವುದೆಂದು ತೀರ್ಮಾನಿಸಿ, ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯ ಒಂದು ಪುಟ್ಟ ಲ್ಯಾಬಿಗೆ ತರಬೇತಿಗೆ ಸೇರಿದೆ. ಯಜಮಾನರು ಒಬ್ಬ ಡಾಕ್ಟರು. ಕಲಿಸುವವರು ಹಿರಿಯ ಟೆಕ್ನಿಷಿಯನ್, ಎಲ್ಲರ ಬಾಯಲ್ಲೂ ರಾಯರು. ವರ್ಷದ ಕೊನೆಗೆ ರಾಯರು "ಆಗಬಹುದು" ಎಂದು ಹೇಳಿ, ಡಾಕ್ಟರು ಸಹಿ ಹಾಕಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಬಿಎಡ್. ಕಾಪುವಿನಲ್ಲಿ ಹೆಡ್ಮಾಸ್ಟರಾಗಿದ್ದ ಅಪ್ಪ ಅದರ ಅರ್ಜಿಯನ್ನು ತಾವೇ ತುಂಬಿಸಿ ಕಪಾಟಿನಲ್ಲಿಟ್ಟಿದ್ದರು. ನನ್ನ ಸಹಿಯೊಂದೇ ಬಾಕಿ. ನಲವತ್ತು ಮಕ್ಕಳ ಎದುರು ಚಾಕ್ ಹಿಡಿದು ನಿಲ್ಲುವುದಕ್ಕಿಂತ ನಲವತ್ತು ಬಾಟಲಿ ಮೂತ್ರದ ಎದುರು ನಿಲ್ಲುವುದು ನನಗೆ ಎಷ್ಟೋ ವಾಸಿ ಎನಿಸಿತ್ತು.

ವಿಜ್ಞಾನದ ಮೊದಲ ಮೆಟ್ಟಿಲು

ಮೊದಲ ದಿನ ಸೂಕ್ಷ್ಮದರ್ಶಕ ಕೊಡುತ್ತಾರೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿದ್ದೆ. ರಾಯರು ಒಂದು ಬ್ರಷ್ ಕೊಟ್ಟರು.

"ಇದು ಎಂತಕ್ಕೆ ಸಾರ್?"

"ಟ್ಯೂಬು ತೊಳೆಯಲಿಕ್ಕೆ. ತೊಳೆಯಲಿಕ್ಕೆ ಬಾರದವರಿಗೆ ಬೇರೆಂತದೂ ಬರುವುದಿಲ್ಲ."

ಮೂರು ತಿಂಗಳು ತೊಳೆದೆ. ರಾಯರು ಪ್ರತಿ ಟ್ಯೂಬನ್ನೂ ಕಿಟಕಿಯ ಬೆಳಕಿಗೆ ಹಿಡಿದು, ನನಗೆ ಕಾಣದ ಕಲೆಯನ್ನು ಕಂಡು, ವಾಪಸು ಕೊಡುತ್ತಿದ್ದರು. ಮನೆಯಲ್ಲಿ ನಾನು ಉಂಡ ಬಟ್ಟಲನ್ನು ಎತ್ತಿ ಗೊತ್ತಿಲ್ಲದವಳು. ಒಂದು ಭಾನುವಾರ ಪಕ್ಕದ ಮನೆಯವರು, "ಮಗಳಿಗೆ ಎಂತ ಕೆಲಸವಂತೆ?" ಎಂದು ವಿಚಾರಿಸಿದಾಗ ಅಮ್ಮ ಬಹಳ ಗಂಭೀರವಾಗಿಯೇ ಉತ್ತರಿಸಿದರು.

"ಪಾತ್ರೆ ತೊಳೆಯುವುದು. ಅದಕ್ಕೆ ಬಿಎಸ್ಸಿ ಆಗಬೇಕಂತೆ."

ಕಾರ್ಕಳದ ಕ್ಯಾನು

ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಕೂಡಿಸಿ ತರುವ ಒಂದು ಪರೀಕ್ಷೆ ಉಂಟು. ಕಾರ್ಕಳದ ಹಿರಿಯರೊಬ್ಬರಿಗೆ ಅದನ್ನು ವಿವರಿಸಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. "ಒಂದು ತೊಟ್ಟೂ ಚೆಲ್ಲಬಾರದು" ಎಂದು ಒತ್ತಿ ಒತ್ತಿ ಹೇಳಿ ಕಳಿಸಿದೆ. ಎರಡು ದಿನ ಬಿಟ್ಟು ಅವರು ತಗಡಿನ ಕ್ಯಾನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದರು.

"ಬಸ್ಸಿನಲ್ಲಿ ಕಷ್ಟವಾಯಿತಾ?" ಎಂದೆ.

"ಕಷ್ಟ ಎಂತ ಇಲ್ಲ. ಪಕ್ಕದಲ್ಲಿ ಕೂತವರು ಎಣ್ಣೆಯಾ ಅಂತ ಕೇಳಿದರು. ಇಲ್ಲ ಎಂದರೆ ಮತ್ತೆ ಎಂತ ಅಂತ ಹೇಳುವುದು? ಹೌದು ಎಂದೆ. ಮನೆಯದ್ದಾ ಎಂದರು. ಅದು ಸುಳ್ಳಲ್ಲವಲ್ಲ, ಮನೆಯದ್ದೇ ಎಂದೆ. ನಮಗೂ ಸ್ವಲ್ಪ ಕೊಡಬಹುದಾ ಎಂದು ಪಟ್ಟು ಹಿಡಿದರು ಮಾರಾಯ್ತಿ. ಇದು ಡಾಕ್ಟರಿಗೆ ಅಂತ ತೆಗೆದಿಟ್ಟದ್ದು, ಒಂದು ತೊಟ್ಟೂ ಕೊಡಲಿಕ್ಕಿಲ್ಲ ಎಂದೆ."

"ಆಮೇಲೆ?"

"ಅವರಿಗೆ ಬೇಸರವಾಯಿತು. ಒಳ್ಳೆಯದೆಲ್ಲ ಡಾಕ್ಟರುಗಳಿಗೇ ಹೋಗುತ್ತದೆ ಎಂದರು."

ಉಪವಾಸ

ವರ್ಷ ಮುಗಿಯಲು ಒಂದು ತಿಂಗಳು ಇದ್ದಾಗ ರಾಯರು ನನ್ನನ್ನು ಕರೆದು, "ನಿನ್ನ ಅಕ್ಷರ ಚಂದ ಉಂಟು. ಸಕ್ಕರೆ ಪರೀಕ್ಷೆಗೆ ಏನೂ ತಿನ್ನದೆ ಬರಬೇಕು ಎಂದು ಒಂದು ಬೋರ್ಡು ಬರೆ" ಎಂದರು. "ಏನೂ ತಿನ್ನದೆ" ಎಂಬುದು ನನಗೆ ತೀರ ಸಪ್ಪೆಯಾಗಿ ಕಂಡಿತು. ಹೆಡ್ಮಾಸ್ಟರ ಮಗಳು ನಾನು. ದುಂಡಗಿನ ಅಕ್ಷರಗಳಲ್ಲಿ "ರಕ್ತ ಪರೀಕ್ಷೆಗೆ ಉಪವಾಸವಿದ್ದು ಬರತಕ್ಕದ್ದು" ಎಂದು ಬರೆದು ಬಾಗಿಲ ಬಳಿ ತೂಗುಹಾಕಿದೆ.

ಮೂರು ವಾರಗಳಲ್ಲಿ ಊರಿಗೆ ಊರೇ ಸಿಹಿಯಾಯಿತು. ಯಾರ ರಕ್ತ ನೋಡಿದರೂ ಸಕ್ಕರೆ ಜಾಸ್ತಿ. ರಾಯರು ದ್ರಾವಣ ಬದಲಾಯಿಸಿದರು. ಟ್ಯೂಬುಗಳನ್ನು ಪುನಃ ನನ್ನಿಂದ ತೊಳೆಸಿದರು. ಕೊನೆಗೆ ಡಾಕ್ಟರೇ ಬಂದು ಬೆಂಚಿನಲ್ಲಿ ಕಾಯುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು.

ಮೊದಲು ರಥಬೀದಿಯ ಅಜ್ಜಿ. "ಉಪವಾಸವೇ. ಅನ್ನ ಮುಟ್ಟಲಿಲ್ಲ. ಏಕಾದಶಿಗೆ ಮಾಡುವ ಹಾಗೆಯೇ ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಮತ್ತೆಂತದೂ ಇಲ್ಲ."

ಉದ್ಯಾವರದ ಚರ್ಚಿನ ಬಳಿಯ ಬಾಯಮ್ಮ, "ನಾನು ಮಾಂಸ ತಿನ್ನಲಿಲ್ಲ ಡಾಕ್ಟ್ರೇ. ಗಂಜಿ, ಮೀನು ಮಾತ್ರ. ನಮ್ಮ ಉಪವಾಸಕ್ಕೆ ಮೀನು ನಡೆಯುತ್ತದೆ" ಎಂದರು.

ಅವರ ಪಕ್ಕದ ಸಾಹೇಬರು ಇಬ್ಬರನ್ನೂ ಕನಿಕರದಿಂದ ನೋಡಿದರು. "ನಾನು ಬೆಳಕು ಹರಿಯುವ ಮೊದಲೇ ಎದ್ದು ಹೊಟ್ಟೆ ತುಂಬ ಉಂಡದ್ದು. ಆಮೇಲೆ ಒಂದು ಹನಿ ನೀರು ಉಂಟಾ ಕೇಳಿ. ಉಗುಳು ಕೂಡ ನುಂಗಲಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ಈ ಬೋರ್ಡು ಬರೆದದ್ದು ಯಾರು?"

ರಾಯರು ನೆಲ ನೋಡಿದರು. ನನಗೆ ಅಪ್ಪನ ಕಪಾಟಿನೊಳಗಿನ ಬಿಎಡ್ ಅರ್ಜಿ ಕಂಡಿತು.

ಅಂದೇ ಸಂಜೆ ಹಳೆಯ ಬೋರ್ಡು ಇಳಿಸಿ, ಯಾವ ಜಾತಿಯವರಿಗೂ ನುಸುಳಲು ಸಂದಿ ಇಲ್ಲದ ಹಾಗೆ ದೊಡ್ಡದೊಂದು ಬೋರ್ಡು ಬರೆದೆ. ಚಾ, ಕಾಫಿ, ಹಾಲು, ಗಂಜಿ, ಅವಲಕ್ಕಿ, ಇಡ್ಲಿ, ಬನ್ಸ್, ಬಾಳೆಹಣ್ಣು, ಮೀನು, ಒಂದರ ಕೆಳಗೊಂದು. ತೀರ ಕೆಳಗೆ, "ಇವುಗಳಲ್ಲಿ ಯಾವುದನ್ನೂ ಸೇವಿಸಿ ಬರಬಾರದು." ಅದನ್ನು ಬೆಂಚಿನ ಹಿಂದಿನ ಗೋಡೆಗೆ ತೂಗುಹಾಕಿದೆ. ಬೆಂಚಿನಲ್ಲಿ ಜನ ಕೂತರೆ ಕೊನೆಯ ಸಾಲು ಅವರ ತಲೆಗಳ ಹಿಂದೆ ಮರೆಯಾಗುತ್ತದೆ ಎಂಬುದು ಬಿಎಸ್ಸಿಯಲ್ಲಿ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರೂ ರಾಯರೂ ನನ್ನನ್ನು ಖಾಯಂ ಮಾಡುವ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ರಾಯರು "ಆಗಬಹುದು" ಎಂದೂ ಹೇಳಲಿಲ್ಲ, "ಆಗದು" ಎಂದೂ ಹೇಳಲಿಲ್ಲ. ಆಗ ಹೆಬ್ರಿಯ ಬಸ್ಸಿನಿಂದ ಇಳಿದ ಒಬ್ಬರು ಬಾಗಿಲಿನಿಂದಲೇ ಬೋರ್ಡು ಕಂಡು ನೇರ ಒಳಗೆ ಬಂದು, ಕೊಡೆಯನ್ನು ಗೋಡೆಗೆ ಆನಿಸಿ, ಬೆಂಚಿನಲ್ಲಿ ಕೂತವರ ತಲೆಗಳ ಮೇಲೆ ಕಂಡಷ್ಟನ್ನು ಓದಿ, ನನ್ನತ್ತ ನೋಡಿದರು.

"ಎರಡು ಬನ್ಸ್, ಒಂದು ಚಾ. ಸಕ್ಕರೆ ಸ್ವಲ್ಪ ಹೆಚ್ಚಿರಲಿ."

ರಾಯರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ಮಾತ್ರ ನಿಧಾನವಾಗಿ ಎದ್ದು ಬಂದು ಕೇಳಿದರು. "ಬೆಳಿಗ್ಗೆ ಏನಾದರೂ ತಿಂದಿದ್ದೀರಾ?"

"ಎಂತ ಇಲ್ಲ. ನಿನ್ನೆ ರಾತ್ರಿ ಉಂಡದ್ದೇ. ಅದಕ್ಕೇ ಅಲ್ವಾ ಇಲ್ಲಿಗೆ ಬಂದದ್ದು?"

"ಒಂದು ಚಾ ಕೂಡ ಇಲ್ಲವಾ?"

"ನೀರು ಸಹ ಇಲ್ಲ."

ಡಾಕ್ಟರು ರಾಯರ ಕಡೆ ತಿರುಗಿದರು. "ನೋಡಿ ರಾಯರೇ, ಈ ಹುಡುಗಿಯ ಬೋರ್ಡಿನಿಂದ ಒಬ್ಬರಾದರೂ ಖಾಲಿ ಹೊಟ್ಟೆಯಲ್ಲಿ ಬಂದರು." ರಾಯರು ಕಣ್ಣು ತೆರೆಯದೆಯೇ "ಆಗಬಹುದು" ಎಂದರು. ಡಾಕ್ಟರು ಸಹಿ ಹಾಕಿದರು.

ಬಂದವರಿಗೆ ಇದು ಹೋಟೆಲಲ್ಲ ಎಂದು ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, "ಬಂದದ್ದು ಬಂದೆ, ನೋಡಿಯೇ ಬಿಡಿ" ಎಂದು ತೋಳು ಚಾಚಿದರು. ಖಾಯಂ ಟೆಕ್ನಿಷಿಯನ್ ಆಗಿ ನಾನು ತೆಗೆದ ಮೊದಲ ರಕ್ತ ಅದು. ಸಕ್ಕರೆ ಸರಿಯಾಗಿ ಎಷ್ಟಿರಬೇಕೋ ಅಷ್ಟೇ ಇತ್ತು. ಮೂರು ವಾರಗಳಲ್ಲಿ ಅಂಥದ್ದನ್ನು ನಾವು ಕಂಡಿರಲಿಲ್ಲ.

ಸೂಜಿ ಚುಚ್ಚಿದ ಕಡೆ ಹತ್ತಿ ಒತ್ತಿಕೊಂಡು ಅವರು ಮತ್ತೂ ಸ್ವಲ್ಪ ಹೊತ್ತು ಬೆಂಚಿನಲ್ಲೇ ಕೂತಿದ್ದರು. ನಾನು ಹತ್ತಿರ ಹೋದಾಗ ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲ ಅಮ್ಮಾ, ನಾಳೆಯಾದರೂ ಬನ್ಸ್ ಇರುತ್ತದಾ?"